ಇಂಗ್ಲಿಷಿನ ‘ರೋಲ್’ ಹುಟ್ಟಿದ್ದು ಕನ್ನಡದ ‘ಉರುಳು’ ಪದದಿಂದಲೇ?

‘ಉರುಳು’ ಎಂದು ಎರಡು ಸಲ ಬೇಗ ಬೇಗ ಹೇಳಿ ನೋಡಿ. ಮೊದಲ ‘ಉ’ ನುಂಗಿಹೋಗಿ ‘ರುಳ್’ ಎಂದೇ ಕೇಳಿಸುತ್ತದೆ. ಇಂಗ್ಲಿಷಿನ ‘ರೋಲ್’ ಪದಕ್ಕೂ ಅದೇ ಅರ್ಥ. ಹಾಗಾದರೆ ಇಂಗ್ಲಿಷರು ಈ ಪದವನ್ನು ನಮ್ಮಿಂದಲೇ ಪಡೆದರೇ? ‘ಕನ್ನಡಿಗರಾದರೆ ಶೇರ್ ಮಾಡಿ’ ಎಂಬ ಸಾಲಿನೊಂದಿಗೆ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಉತ್ತರ: ಇಲ್ಲ. ಆದರೆ ‘ರೋಲ್’ ಪದಕ್ಕೆ ನಮ್ಮೂರ ಜಾತ್ರೆಯಲ್ಲಿ ಒಬ್ಬ ದೂರದ ನೆಂಟನಿದ್ದಾನೆ.

‘ರೋಲ್’ ಬಂದ ದಾರಿ

ಲ್ಯಾಟಿನ್ ಭಾಷೆಯಲ್ಲಿ ‘ರೋಟ’ ಎಂದರೆ ಚಕ್ರ. ‘ಪುಟ್ಟದು’ ಎಂಬ ಅರ್ಥದ ಪ್ರತ್ಯಯ ಸೇರಿದಾಗ ಅದು ‘ರೋಟುಲ’. ಫ್ರೆಂಚಿಗೆ ಬರುವಷ್ಟರಲ್ಲಿ ನಡುವಿನ ‘ಟ’ ಸವೆದುಹೋಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಸೇರಿದವು. ‘ರೋಲ್’ ಕೂಡ ಹಾಗೆ ಫ್ರೆಂಚಿನಿಂದ ಬಂದ ಪದ.

ಆ ಕಾಲದಲ್ಲಿ ದಾಖಲೆಗಳನ್ನು ಚರ್ಮದ ಹಾಳೆಯಲ್ಲಿ ಬರೆದು ಸುರುಳಿ ಸುತ್ತಿಡುತ್ತಿದ್ದರು. ಆ ಸುರುಳಿಗೂ, ಅದರಲ್ಲಿದ್ದ ಹೆಸರುಗಳ ಪಟ್ಟಿಗೂ ‘ರೋಲ್’ ಎಂದೇ ಹೆಸರು. ಶಾಲೆಯ ‘ರೋಲ್ ನಂಬರ್’ ಅಲ್ಲಿಂದ ಬಂದದ್ದು. ನಟನ ಮಾತು ಬರೆದ ಸುರುಳಿಯಿಂದ ಸಿನಿಮಾದ ‘ರೋಲ್’ ಬಂತು. ಲೆಕ್ಕ ತಾಳೆ ನೋಡಲು ಇಟ್ಟ ಎರಡನೇ ಸುರುಳಿಯ ಹೆಸರಿನಿಂದ ‘ಕಂಟ್ರೋಲ್’ ಹುಟ್ಟಿತು.

‘ಉರುಳು’ ಎಲ್ಲಿಯದು?

‘ಉರುಳು’ ದ್ರಾವಿಡ ಪದ. ತಮಿಳಿನಲ್ಲೂ ‘ಉರುಳ್’ ಇದೆ. ಮಲಯಾಳದಲ್ಲಿ ಭೂಕುಸಿತಕ್ಕೆ ‘ಉರುಳ್‌ಪೊಟ್ಟಲ್’ ಎನ್ನುತ್ತಾರೆ. ದುಂಡಗಿರುವುದಕ್ಕೆ ಹೇಳುವ ‘ಉರುಟು’, ಹರಕೆ ಹೊತ್ತವರ ‘ಉರುಳುಸೇವೆ’ ಇದೇ ಬಳಗದವು.

ಹೋಲಿಕೆ ಇದೆಯಲ್ಲ ಎನ್ನಬಹುದು. ಆದರೆ ‘ರೋಲ್’ನ ಕೊನೆಯ ‘ಲ್’ ಬಂದದ್ದು ‘ಪುಟ್ಟದು’ ಎಂಬ ಪ್ರತ್ಯಯದಿಂದ. ಅದನ್ನು ತೆಗೆದರೆ ಉಳಿಯುವುದು ‘ರೋಟ’. ನಮ್ಮ ‘ಉರುಳು’ ಪದಕ್ಕೆ ಹೋಲುತ್ತಿದ್ದ ಭಾಗವೇ ಬಿದ್ದುಹೋಯಿತು. ನಿಜವಾದ ನೆಂಟಸ್ತಿಕೆ ಇದ್ದರೆ ಹಿಂದಕ್ಕೆ ಹೋದಷ್ಟೂ ಪದಗಳು ಹತ್ತಿರವಾಗಬೇಕು. ಇಲ್ಲಿ ದೂರವಾಗುತ್ತಿವೆ.

ಹಾಗಾದರೆ ನೆಂಟ ಯಾರು?

ಸಂಸ್ಕೃತದ ‘ರಥ’. ಲ್ಯಾಟಿನ್ ‘ರೋಟ’ ಪಕ್ಕದಲ್ಲಿ ಇಟ್ಟು ನೋಡಿ. ಲ್ಯಾಟಿನ್ನಿನ ‘ಒ’ ಇರುವಲ್ಲಿ ಸಂಸ್ಕೃತದಲ್ಲಿ ‘ಅ’ ಬರುವುದು ಈ ಒಂದು ಪದದಲ್ಲಿ ಮಾತ್ರವಲ್ಲ. ಎಂಟಕ್ಕೆ ಅಲ್ಲಿ ‘ಓಕ್ಟೋ’, ಇಲ್ಲಿ ‘ಅಷ್ಟ’. ಮೂಳೆಗೆ ಅಲ್ಲಿ ‘ಓಸ್’, ಇಲ್ಲಿ ‘ಅಸ್ಥಿ’. ಹೀಗೆ ಮತ್ತೆ ಮತ್ತೆ ಕಾಣುವ ಕ್ರಮವೇ ಸಾಕ್ಷಿ. ಹಾಗೆಂದು ‘ರೋಲ್’ ಸಂಸ್ಕೃತದಿಂದ ಬಂತು ಎಂದರೂ ತಪ್ಪೇ. ಇವೆರಡೂ ಇನ್ನೂ ಹಳೆಯ ಒಂದೇ ಮೂಲದಿಂದ ಬೇರೆ ಬೇರೆ ದಾರಿ ಹಿಡಿದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದರು.

ಅಕ್ಕಮಹಾದೇವಿಯ ಉಡುತಡಿ ಇರುವ ಶಿಕಾರಿಪುರ ತಾಲ್ಲೂಕಿನಲ್ಲೇ ಎರಡೂ ಬಳಗಗಳು ಒಟ್ಟಿಗೆ ಸಿಗುತ್ತವೆ. ಹುಚ್ಚರಾಯಸ್ವಾಮಿ ಜಾತ್ರೆಯಲ್ಲಿ ಎಳೆಯುವುದನ್ನು ಜನ ‘ತೇರು’ ಎನ್ನುತ್ತಾರೆ, ಅದು ದ್ರಾವಿಡ ಪದ. ಕರೆಯೋಲೆಯಲ್ಲಿ ಅದೇ ‘ರಥೋತ್ಸವ’. ಸಂಸ್ಕೃತ ಈ ನೆಲಕ್ಕೆ ಹೊಸದೇನಲ್ಲ. ಇದೇ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಐದನೇ ಶತಮಾನದ ಸಂಸ್ಕೃತ ಶಾಸನ ಇದೆ.

ಶೇರ್ ಮಾಡಲು ನಿಜವಾದದ್ದೇ ಬೇಕೆ?

ಉಡುತಡಿ, ಸೊರಬದ ಕಡೆಯ ತೋಟಗಳಲ್ಲೇ ಅದು ಇದೆ. ಇಂಗ್ಲಿಷಿನ ‘ಅರೀಕ’ ಎಂಬ ಪದ ಮಲಯಾಳದ ‘ಅಡಯ್ಕ’ ಪದದಿಂದ ಪೋರ್ಚುಗೀಸರ ಮೂಲಕ ಹೋದದ್ದು. ಆ ‘ಅಡಯ್ಕ’ ನಮ್ಮ ‘ಅಡಿಕೆ’ಯ ಒಡಹುಟ್ಟು. ಪೋರ್ಚುಗೀಸರು 1498ರಲ್ಲಿ ಮಲಬಾರ್ ತೀರಕ್ಕೆ ಬಂದು ಇಲ್ಲಿನ ಸರಕುಗಳ ವ್ಯಾಪಾರ ಹಿಡಿದರು. ಪದ ದಾಟಿಹೋದ ದಾರಿ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮುಂದಿನ ಸಲ ಪದದ ಮೂಲ ಹೇಳುವ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳಿ: ಇದರ ಹಳೆಯ ರೂಪ ಏನಿತ್ತು? ಇದನ್ನು ಯಾರು ಹೊತ್ತುಕೊಂಡು ಹೋದರು?