ಆವರಿಕೆ ಗಿಡದ ಬೆಲೆ ಎಷ್ಟು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ, ಕಲ್ಲು ಗುಡ್ಡದ ಬುಡದಲ್ಲಿ ಹಳದಿ ಹೂ ಬಿಟ್ಟು ನಿಂತ ಪೊದೆಯನ್ನು ನೀವೆಲ್ಲರೂ ನೋಡಿರುತ್ತೀರಿ. ಅದೇ ಆವರಿಕೆ. ಕೆಲವು ಕಡೆ ತಂಗಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉರ್ದು ಮಾತಾಡುವ ನಾನಿ ಇದನ್ನು ತರವಾಡ್ ಎಂದು ಕರೆಯುತ್ತಾರೆ. ತೆಲುಗಿನಲ್ಲಿ ತಂಗೇಡು. ತೆಲಂಗಾಣದ ರಾಜ್ಯ ಹೂವು ಇದೇ. ಅಲ್ಲಿನ ಬತುಕಮ್ಮ ಹಬ್ಬಕ್ಕೆ ಈ ಹೂ ಬೇಕೇ ಬೇಕು.

ಇದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. ಎಲೆಯ ಬುಡದಲ್ಲಿ ಕಿವಿಯಂತಹ ಅಗಲವಾದ ಪುಟ್ಟ ಭಾಗಗಳಿರುವುದರಿಂದ ಈ ಹೆಸರು ಬಂದಿದೆ. ಗಿಡ ಗುರುತಿಸಲು ಅದೇ ಸುಲಭದ ಗುರುತು. ತೊಗರಿ, ಅವರೆಗಳ ಹಾಗೆ ಇದೂ ದ್ವಿದಳ ಕುಟುಂಬದ್ದು; ಚಪ್ಪಟೆ ಕಾಯಿ ಬಿಡುತ್ತದೆ. ಆದರೆ ತೊಗರಿಯ ಬೇರಿನಲ್ಲಿ ಕಾಣುವ ಸಾರಜನಕದ ಗಂಟುಗಳು ಇದರ ಬೇರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಳೆ ಕಡಿಮೆ ಇದ್ದರೂ ಬದುಕುತ್ತದೆ. ದನ, ಮೇಕೆಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಸೊಪ್ಪನ್ನು ರೈತರು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಸುತ್ತಿದ್ದರು.

ಈಗ ವ್ಯಾಪಾರದ ವಿಷಯಕ್ಕೆ ಬರೋಣ. ಆವರಿಕೆಯ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೇರಳವಾಗಿದೆ. ಅದು ಚರ್ಮದ ನಾರಿಗೆ ಅಂಟಿಕೊಂಡು ಕೊಳೆಯದಂತೆ ಕಾಪಾಡುತ್ತದೆ. ತೊಗಟೆ ಸುಲಿದು, ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಸಿ, ಅದರಲ್ಲಿ ಚರ್ಮವನ್ನು ವಾರಗಟ್ಟಲೆ ಇಟ್ಟು ಹದ ಮಾಡುತ್ತಿದ್ದರು. ಬೆಳಕಿಗೆ ಬಣ್ಣ ಕೆಂಪಾಗದಿರಲು ಕೊನೆಗೆ ಅಳಲೆಕಾಯಿ ನೀರು ಬಳಸುತ್ತಿದ್ದರು. ನಮ್ಮ ಅರ್ಥಶಾಸ್ತ್ರದ ಭಾಷೆಯಲ್ಲಿ ಆವರಿಕೆಯೂ ಅಳಲೆಕಾಯಿಯೂ ಪೂರಕ ಸರಕುಗಳು. ಹೀಗೆ ಹದವಾದ ಚರ್ಮ 19ನೇ ಶತಮಾನದಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿತ್ತು.

ಆಮೇಲೆ ಬದಲಿ ಸರಕುಗಳು ಬಂದವು. ದಕ್ಷಿಣ ಆಫ್ರಿಕಾದಿಂದ ಬಂದ ವಾಟಲ್ ಮರದ ತೊಗಟೆಯಲ್ಲಿ ಟ್ಯಾನಿನ್ ಇನ್ನೂ ಹೆಚ್ಚು. ಕ್ರೋಮ್ ಲವಣವಂತೂ ವಾರಗಳ ಕೆಲಸವನ್ನು ಕೆಲವೇ ದಿನಕ್ಕೆ ಇಳಿಸಿತು. 1903ರಲ್ಲಿ ಮದ್ರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ಆರಂಭಿಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಆವರಿಕೆಗೆ ಬೇಡಿಕೆ ಕುಸಿಯಿತು. ಆದರೆ ಹೊಸ ವಿಧಾನದ ಪೂರ್ತಿ ಖರ್ಚು ಚರ್ಮದ ಬೆಲೆಯಲ್ಲಿ ಸೇರಿರಲಿಲ್ಲ. ತಮಿಳುನಾಡಿನ ಪಾಲಾರ್ ನದಿಯ ದಡದ ರೈತರು ಕೆಟ್ಟ ನೀರು, ಕೆಟ್ಟ ಹೊಲದ ರೂಪದಲ್ಲಿ ಅದನ್ನು ತೆತ್ತರು. 1996ರಲ್ಲಿ ಸುಪ್ರೀಂ ಕೋರ್ಟ್, ಮಾಲಿನ್ಯ ಮಾಡಿದವರೇ ಅದರ ನಷ್ಟ ಭರಿಸಬೇಕು ಎಂದು ತೀರ್ಪು ಕೊಟ್ಟಿತು.

ಈಗ ಆವರಿಕೆ ಹೂವಿನ ಪುಡಿ ಸಕ್ಕರೆ ಕಾಯಿಲೆಗೆ ಮದ್ದು ಎಂದು ಮತ್ತೆ ಪೇಟೆಗೆ ಬಂದಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಹೂವಿನ ಸಾರ ರಕ್ತದ ಸಕ್ಕರೆಯನ್ನು ಇಳಿಸಿದ್ದು ನಿಜ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಅಷ್ಟೇ ಆಗುತ್ತದೆ ಎನ್ನುವಂತಿಲ್ಲ. ನಮ್ಮ ನಾನಿಯೂ ಇದರ ಕಷಾಯ ಕುಡಿಯುತ್ತಾರೆ, ಆದರೆ ಮಾತ್ರೆ ಬಿಟ್ಟಿಲ್ಲ. ಕಷಾಯದ ವಿಷಯ ಡಾಕ್ಟರಿಗೂ ಹೇಳಿದ್ದಾರೆ. ಎರಡೂ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು, ಆದ್ದರಿಂದ ಹೇಳುವುದು ಅಗತ್ಯ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಪುಡಿ ತಂದಿದ್ದರೆ ಇವತ್ತೇ ಒಂದು ಮಾತು ಕೇಳಿ: ಮಾತ್ರೆ ನಿಲ್ಲಿಸಿಲ್ಲ ತಾನೆ? ಚರ್ಮದ ವ್ಯಾಪಾರದಲ್ಲಿ ಆವರಿಕೆಗೆ ಬದಲಿ ಸರಕು ಸಿಕ್ಕಿತು. ಸಕ್ಕರೆ ಮಾತ್ರೆಗೆ ಆವರಿಕೆ ಬದಲಿ ಸರಕಲ್ಲ.