ಹಲಸಂಗಿಯ ಮಧುರಚೆನ್ನ

ಕವಿಯಾಗಲು ಪದವಿ ಬೇಕೇ? ಬೇಡವೆಂಬುದಕ್ಕೆ ವಿಜಯಪುರ ಜಿಲ್ಲೆಯ ಹಲಸಂಗಿಯೇ ಸಾಕ್ಷಿ. ಇಂದು ಚಡಚಣ ತಾಲ್ಲೂಕಿಗೆ ಸೇರಿರುವ ಈ ಊರು ಮೊದಲು ಇಂಡಿ ತಾಲ್ಲೂಕಿನಲ್ಲಿತ್ತು.

1903ರಲ್ಲಿ ಹುಟ್ಟಿದ ಚೆನ್ನಮಲ್ಲಪ್ಪ ಗಲಗಲಿ ಇಲ್ಲಿಯೇ ಬೆಳೆದು ‘ಮಧುರಚೆನ್ನ’ರಾದರು. ಕಾಲೇಜಿನ ಮೆಟ್ಟಿಲು ಹತ್ತದೆ, ಸ್ವಂತ ಓದಿನಿಂದಲೇ ಇಂಗ್ಲಿಷ್ ಕಲಿತರು. ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಅವರ ಜೊತೆಗಾರರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಓದುಬಲ್ಲವರು ಸಾಹಿತ್ಯವೆಂದು ಎಣಿಸದಿದ್ದ ಕಾಲವದು. ಈ ಗೆಳೆಯರು ಅವನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಹಿಂಬಾಲಿಸಿದವು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹಾಡುಗಳು ಪುಸ್ತಕದಲ್ಲಿ ಉಳಿದಿದ್ದವು.

ಆ ಹಾಡುಗಳ ಸರಳ ನುಡಿಯೇ ಮಧುರಚೆನ್ನರ ‘ನನ್ನ ನಲ್ಲ’ ಕಾವ್ಯಕ್ಕೂ ಒದಗಿತು. ದೇವರಿದ್ದಾನೆಯೇ ಎಂಬ ತಳಮಳವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅರವಿಂದರ ದಾರಿ ಹಿಡಿದ ಅವರು 1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ತೀರಿಕೊಂಡರು. ಗೆಳೆಯ ಸಿಂಪಿ ಲಿಂಗಣ್ಣ 1993ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ವಿದ್ಯಾರ್ಥಿಗಳೇ, ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಒಂದಾದರೂ ಹಾಡು ಕೇಳಿ ಬರೆದುಕೊಳ್ಳಿ. ಪಾಲಕರು ಅದನ್ನು ಕಾಲಹರಣವೆನ್ನದಿರಲಿ.