ನೂಲಿಗೆ ಒಂದು ಚಿಟಿಕೆ ಗ್ರಾಫೀನು

ಶಿವಾಜಿನಗರದ ಮೇರಿಯಮ್ಮನವರ ಉತ್ಸವಕ್ಕಾಗಲಿ ಹಲಸೂರಿನ ಜಾತ್ರೆಗಾಗಲಿ ಹೋದ ವಾಚಕರು ಬೊಂಬಾಯಿ ಮಿಠಾಯಿಯ ಯಂತ್ರವನ್ನು ನೋಡಿಯೇ ಇರುವರು. ಕರಗಿದ ಸಕ್ಕರೆಯು ತಿರುಗುವ ವೇಗಕ್ಕೆ ಸಿಡಿದು ಎಳೆಯಾಗುವುದು. ಚಕ್ರದ ಬದಲು ಹತ್ತಾರು ಸಾವಿರ ವೋಲ್ಟುಗಳ ವಿದ್ಯುಚ್ಛಕ್ತಿಯು ಪಾಲಿಮರಿನ ದ್ರಾವಣವನ್ನು ಸೂಜಿಯ ಮೊನೆಯಿಂದ ಸೆಳೆದರೆ, ಅದು ದಾರಿಯಲ್ಲಿಯೇ ಆರಿ, ತಲೆಗೂದಲಿನ ನೂರನೆಯ ಒಂದು ಪಾಲಿಗಿಂತಲೂ ಸಣ್ಣ ನೂಲಾಗಿ ಬೀಳುವುದು.

ಮುರಿದ ಎಲುಬಿಗೆ ಇಂತಹ ನೂಲಿನ ಹಾಸು ಬಳ್ಳಿಗೆ ಚಪ್ಪರವಿದ್ದಂತೆ. ಜೀವಕೋಶಗಳು ಅದರ ಮೇಲೆ ಹಬ್ಬುವುವು. ಕಾಲಕ್ರಮದಲ್ಲಿ ಚಪ್ಪರವು ತಾನೇ ಕರಗುವುದು. ಆದರೆ ಇದಕ್ಕೆ ಬಳಸುವ ಪಾಲಿಕ್ಯಾಪ್ರೊಲ್ಯಾಕ್ಟೋನು ಎಲುಬಿನ ಮುಂದೆ ಬಲು ಮೆದು. ಆದುದರಿಂದ ಗ್ರಾಫೀನನ್ನು ಬೆರೆಸುವರು. ಸೀಸದ ಕಡ್ಡಿಯ ಕಪ್ಪಿನಿಂದ ಬಿಡಿಸಿದ, ಒಂದೇ ಪರಮಾಣುವಿನಷ್ಟು ದಪ್ಪದ ಪದರವಿದು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ದೊರೆಯಿತು. ನೂರಕ್ಕೆ ಒಂದು ಪಾಲೇ ಸಾಕಾಗುವುದುಂಟು. ಹೆಚ್ಚಾದರೆ ಪದರಗಳು ಒಂದಕ್ಕೊಂದು ಅಂಟಿ ರಾಗಿಮುದ್ದೆಯ ಗಂಟಿನಂತಾಗುವುವು. ನೂಲು ಅಲ್ಲಿಯೇ ಕಡಿಯುವುದು. ಅಡಿಗೆ ಬಲ್ಲವರಿಗೆ ಇದನ್ನು ವಿಸ್ತರಿಸಬೇಕಾದುದಿಲ್ಲ.

ನಮ್ಮ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಮೊದಲಾದವರು, ನೂಲಿನ ರೂಪದಲ್ಲಿ ಅಲ್ಲವಾದರೂ, ಇದೇ ಬೆರಕೆಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅಮೈನು ಕೂಡಿಸಿದ ಗ್ರಾಫೀನಿನಿಂದ ವಸ್ತುವು ಗಟ್ಟಿಯಾದುದಲ್ಲದೆ, ಆಕರಕೋಶಗಳು ಎಲುಬಾಗುವ ಕಡೆಗೆ ಚೆನ್ನಾಗಿ ತಿರುಗಿದುವು, ರೋಗಾಣುಗಳೂ ತಗ್ಗಿದುವು. ಆದರೆ ಅದು ಪ್ರಯೋಗಶಾಲೆಯ ಪಾತ್ರೆಯೊಳಗಿನ ಮಾತು. ಚಪ್ಪರ ಕರಗಿದ ಮೇಲೆ ಗ್ರಾಫೀನಿನ ಚೂರುಗಳು ಶರೀರದಲ್ಲಿ ಏನು ಮಾಡುವುವೆಂಬುದು ಇತ್ಯರ್ಥವಾಗದೆ, ಈ ನೂಲು ಬೌರಿಂಗ್ ಆಸ್ಪತ್ರೆಯ ಮಂಚದವರೆಗೆ ಬರಲಾರದು, ಬರಲೂಬಾರದು.